ಹಸಿದವರ ಅಡುಗೆ ಪುಸ್ತಕ
ಅಡುಗೆ ಪುಸ್ತಕ ಹೊಟ್ಟೆ ತುಂಬಿದವರ ಕಸುಬು ಎಂದುಕೊಂಡಿದ್ದೆ. ಚೆಕ್ ನೆಲದ ಟೆರೆಜಿನ್‌ನಲ್ಲಿ ನಾಜಿಗಳು ಕೂಡಿಹಾಕಿದ್ದ ಯಹೂದಿ ಹೆಂಗಸರ ಕಥೆ ಓದಿದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ. ನೀರಿನಂಥ ಸಾರು, ಅಳತೆಯ ಬ್ರೆಡ್ಡಿನಲ್ಲಿ ದಿನ ದೂಡುತ್ತಿದ್ದ ಅವರು, ಬೆಣ್ಣೆ, ಸಕ್ಕರೆ, ಮೊಟ್ಟೆಗಳನ್ನು ಧಾರಾಳವಾಗಿ ಸುರಿದು ಮಾಡುವ ಕೇಕು, ಹಣ್ಣಿನ ಕಡುಬುಗಳನ್ನು ನೆನಪಿನಿಂದ ಕಾಗದಕ್ಕಿಳಿಸಿದರು. ಕೆಲವು ಕಡೆ ಬೇಕಾದ ಸಾಮಾನೇ ಬಿಟ್ಟುಹೋಗಿದೆ. ಹಸಿವು ನೆನಪನ್ನೂ ತಿನ್ನುತ್ತದೆ. ಅವರಲ್ಲೊಬ್ಬರಾದ ಮಿನಾ ಪೆಖ್ಟರ್ ಆ ಹಾಳೆಗಳ ಕಟ್ಟನ್ನು ಪರಿಚಿತರ ಕೈಗಿತ್ತು, ಮಗಳಿಗೆ ಮುಟ್ಟಿಸಿ ಎಂದು ಹೇಳಿ, 1944ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಅಲ್ಲಿಂದ ಆಶ್ವಿಟ್ಜ್‌ನ ರೈಲು ಹತ್ತಿದ ಎಷ್ಟೋ ತಾಯಂದಿರು, ಕಂಕುಳಲ್ಲಿ ಮಗುವಿತ್ತು ಎಂಬ ಒಂದೇ ಕಾರಣಕ್ಕೆ, ನೇರವಾಗಿ ವಿಷಾನಿಲದ ಕೋಣೆ ಸೇರಿದರು. ದುಡಿಯಲು ಉಳಿಸಿಕೊಂಡವರ ತಲೆ ಬೋಳಿಸಿ, ಹೆಸರು ಕಿತ್ತು, ತೋಳಿಗೆ ಸಂಖ್ಯೆ ಚುಚ್ಚಿದರು. ಮಿನಾ ಅವರ ಕಟ್ಟು ಕೈಯಿಂದ ಕೈಗೆ ದಾಟಿ ನ್ಯೂಯಾರ್ಕಿನಲ್ಲಿದ್ದ ಮಗಳನ್ನು ತಲುಪುವಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು. 1996ರಲ್ಲಿ ಅದು ಪುಸ್ತಕವಾಗಿ ಬಂತು. ಅದನ್ನು ನೋಡಿ ಅಡುಗೆ ಮಾಡುವವರು ಕಡಿಮೆ. ಆದರೆ ಸೌಟು ಕಸಿದರೂ ಕೈಯಳತೆ ಕಸಿಯಲಾಗಲಿಲ್ಲ ಎನ್ನುವುದಕ್ಕೆ ಆ ಹಾಳೆಗಳೇ ಸಾಕ್ಷಿ.