ಗೀರ್ ಸಿಂಹಕ್ಕೆ ಇನ್ನೊಂದು ನೆಲೆ
ಗೀರ್‌ನಲ್ಲಿ ಹೆಣ್ಣು ಸಿಂಹಗಳ ಗುಂಪು ಬೇರೆ, ಗಂಡುಗಳದು ಬೇರೆ. ಒಂದು ಗಂಡು ಗುಂಪಿನ ಸರಹದ್ದು ಹಲವು ಹೆಣ್ಣು ಗುಂಪುಗಳ ಮೇಲೆ ಹಾಯುತ್ತದೆ. ಈ ಓಡಾಟದಲ್ಲಿ ರೋಗವೂ ಸಾಗಬಲ್ಲದು. 2018ರಲ್ಲಿ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಸತ್ತವುಗಳಲ್ಲಿ ಕೆಲವಕ್ಕೆ ತಗುಲಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್.

2025ರ ಗಣತಿಯಲ್ಲಿ 891 ಸಿಂಹಗಳಿವೆ. ಅರ್ಧಕ್ಕಿಂತ ಹೆಚ್ಚಿನವು ಅಭಯಾರಣ್ಯದ ಹೊರಗೆ, ಊರು ಹೊಲಗಳ ನಡುವೆ. ಸರಹದ್ದು ಹಿಗ್ಗಿತೆಂದು ಸಂಭ್ರಮಿಸುವವರು ಎಲ್ಲವೂ ಸೌರಾಷ್ಟ್ರದಲ್ಲೇ ಇವೆ ಎಂಬುದನ್ನು ಮರೆಯುತ್ತಾರೆ. ಕೆಲವನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರಲ್ಲಿ ಅಲ್ಲಿಗೆ ನಮೀಬಿಯಾದ ಚೀತಾಗಳು ಬಂದವು, ಗುಜರಾತಿನ ಸಿಂಹ ಬರಲಿಲ್ಲ. ಗುಜರಾತಿನದೇ ಬರ್ಡಾ ಬೆಟ್ಟ ಎರಡನೇ ನೆಲೆಯಂತೆ. ಅಲ್ಲಿಗೆ 2023ರಲ್ಲಿ ಸಿಂಹವೊಂದು ತಾನೇ ನಡೆದುಹೋಗಿತ್ತು. ಸಿಂಹ ನಡೆದು ತಲುಪುವ ಜಾಗಕ್ಕೆ ವೈರಸ್ ತಲುಪುವುದಿಲ್ಲವೇ?