ಅಕ್ಕಿಗೆ ಹಣದ ರಸೀದಿ ಬೇಡ



ಶ್ರಾವಣ ಬಂತೆಂದರೆ ಕಂಪ್ಲಿಯ ಅಕ್ಕಿ, ಸಂಡೂರಿನ ಕಡೆಯ ಜೋಳ, ಹೊಸಪೇಟೆಯ ಬೆಲ್ಲ ಮಠಗಳ ದಾಸೋಹಕ್ಕೆ ಬರುತ್ತವೆ. ಸಂತೋಷ. ಈಗೀಗ ಚೀಲದ ಹಿಂದೆಯೇ ಒಂದು ಬೇಡಿಕೆಯೂ ಬರುತ್ತಿದೆ: 'ಇದನ್ನು ಹಣವೆಂದು ಬರೆದು 80ಜಿ ರಸೀದಿ ಕೊಡಿ.' ಭಕ್ತರೊಬ್ಬರು 25 ಕಿಲೋದ 10 ಚೀಲ ಅಕ್ಕಿ ಇಳಿಸಿ 25,000 ರೂಪಾಯಿಯ ರಸೀದಿ ಕೇಳಿದ್ದನ್ನು ನಾನೇ ಕಂಡಿದ್ದೇನೆ. ಕಿಲೋಗೆ 100 ರೂಪಾಯಿ! ಅದು ಸಾಧಾರಣ ಸೋನಾ ಮಸೂರಿ.

ಆದಾಯ ತೆರಿಗೆಯ 80ಜಿ ಕಲಂ ಸ್ಪಷ್ಟವಾಗಿದೆ. ಹಣದ ರೂಪದ ದಾನಕ್ಕೆ ಮಾತ್ರ ವಿನಾಯಿತಿ. ಅಕ್ಕಿ, ಬಟ್ಟೆ, ಔಷಧಿ, ಸಿಮೆಂಟು ಯಾವುದಕ್ಕೂ ಇಲ್ಲ. 2017ರಿಂದ ನಗದು 2,000 ರೂಪಾಯಿ ದಾಟಿದರೂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗಂತೂ ಆ ಮಾತೇ ಇಲ್ಲ. ಆಗ ಏನಾಗುತ್ತದೆ? ಚೆಕ್ ಕೊಟ್ಟಂತೆ ಮಾಡಿ ನಗದು ಹಿಂದೆ ಪಡೆಯುವ ದಾರಿ ಹುಡುಕುತ್ತಾರೆ. ಸಿಕ್ಕಿಬಿದ್ದರೆ ಹೋಗುವುದು ಟ್ರಸ್ಟಿನ ಮಾನ್ಯತೆ, ಮಠದ ಮಾನ.

'ಹಣಕ್ಕುಂಟು, ಅನ್ನಕ್ಕಿಲ್ಲವೆ? ಇದು ಅನ್ಯಾಯ' ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಲೆ ಕಟ್ಟುವವರು ಯಾರು, ಕೊಟ್ಟವರೇ ತಾನೆ? ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆ ಪುಸ್ತಕ ಬರೆದವನು ನಾನು. ತೋಡದ ಮಣ್ಣನ್ನು ಬಿಲ್ಲಿಗೆ ಸೇರಿಸುವುದಕ್ಕೂ ಬಾರದ ಹಣಕ್ಕೆ ರಸೀದಿ ಹರಿಯುವುದಕ್ಕೂ ವ್ಯತ್ಯಾಸ ಕಾಣೆ. ಇನ್ನೊಂದು ಮಾತು: ಭತ್ತ ಬೆಳೆದ ರೈತನ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ಅವನು ರಸೀದಿ ಕೇಳುವುದೂ ಇಲ್ಲ. ಕೇಳುವವರು ಲಾರಿ, ಗುತ್ತಿಗೆ, ಅಂಗಡಿ, ಪಿಂಚಣಿ ಇರುವ ನಮ್ಮಂಥವರು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಬಿದ್ದಲ್ಲಿಗೇ ಸುರಿದು ಬರಲು ಕಳಿಸಿದರು. ಅವರದೂ ಅಕ್ಕಿಯ ದಾಸೋಹವೇ. ಹೆಚ್ಚಿನ ಹಿಡಿಯಕ್ಕಿಯನ್ನೇ ಒಲ್ಲೆನೆಂದವರ ಹೆಸರು ಹೇಳಿಕೊಂಡು ನಾವು ಹೆಚ್ಚಿನ ರಸೀದಿ ಬೇಡುತ್ತಿದ್ದೇವೆ. ದಾಸೋಹದಲ್ಲಿ ಕೊಟ್ಟೆನೆಂಬ ಭಾವವೇ ಇರಬಾರದೆಂದು ಭಾಷಣ ಬೇರೆ ಮಾಡುತ್ತೇವೆ.

ವಿನಾಯಿತಿ ಬೇಕಾದವರು 80ಜಿ ಮಾನ್ಯತೆಯಿರುವ ಟ್ರಸ್ಟಿನ ಖಾತೆಗೆ ಚೆಕ್ ಮೂಲಕ ಹಣ ಕೊಡಲಿ. ಪ್ಯಾನ್ ಬರೆಸಲಿ, ವರ್ಷದ ಕೊನೆಗೆ 10ಬಿಇ ಪ್ರಮಾಣಪತ್ರ ಪಡೆಯಲಿ. ಟ್ರಸ್ಟು ಆ ಹಣದಲ್ಲಿ ಕಂಪ್ಲಿಯಲ್ಲೇ ಅಕ್ಕಿ ಕೊಳ್ಳಲಿ. ಚೀಲ ತಂದವರಿಗೆ ಮಠ ಬೇರೆ ಬಣ್ಣದ ರಸೀದಿ ಅಚ್ಚು ಹಾಕಿಸಲಿ: ಧಾನ್ಯ, ಚೀಲ, ತೂಕ, ತಾರೀಖು. ರೂಪಾಯಿಯ ಕಾಲಂ ಅದರಲ್ಲಿ ಇರಬಾರದು.