ಯುರೋಪಾದ ಗೆರೆಗಳು

ಚಂದ್ರನ ಚಿತ್ರ ತೋರಿಸಿ, ಕುಳಿಗಳು ಹೆಚ್ಚಿದಷ್ಟೂ ನೆಲ ಹಳೆಯದು ಎಂದು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದೇ ಸೂತ್ರವನ್ನು ಗುರುಗ್ರಹದ ಹಿಮಾವೃತ ಉಪಗ್ರಹಗಳಿಗೂ ಅನ್ವಯಿಸಿ ನೋಡಿ. ಕ್ಯಾಲಿಸ್ಟೊದ ಮೈತುಂಬ ಕುಳಿಗಳು. ಅದರ ಮೇಲ್ಮೈಗೆ ಸುಮಾರು 400 ಕೋಟಿ ವರ್ಷ. ಯುರೋಪಾದಲ್ಲಾದರೋ ದೊಡ್ಡ ಕುಳಿಗಳು ತೀರ ವಿರಳ. ಅದರ ಈಗಿನ ಮೇಲ್ಮೈಯ ವಯಸ್ಸು ಕೇವಲ 4ರಿಂದ 9 ಕೋಟಿ ವರ್ಷವೆಂದು ಅಂದಾಜು. ನಮ್ಮ ಭೂಮಿಯಲ್ಲಿ ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನ ನೆಲವದು!

ಕುಳಿಗಳಿಗೆ ಬದಲಾಗಿ ಅಲ್ಲಿರುವುದು ಗೆರೆಗಳು. 1979ರಲ್ಲಿ ವಾಯೇಜರ್ ನೌಕೆಗಳು ಕಂಡ ಈ ಕಂದುಗೆಂಪು ಗೆರೆಗಳಲ್ಲಿ ಕೆಲವು ಸಾವಿರ ಕಿಲೋಮೀಟರಿಗೂ ಉದ್ದ. ಹತ್ತಿರದಿಂದ ನೋಡಿದರೆ ಅನೇಕವು ಜೋಡಿ ದಿಣ್ಣೆಗಳು, ನಡುವೆ ಕಂದಕ. ನೇಗಿಲ ಸಾಲಿನ ಎರಡೂ ಬದಿಗೆ ಮಣ್ಣು ಎದ್ದು ನಿಂತಂತೆ. ಕೊನಮಾರಾ ಎಂಬ ಪ್ರದೇಶದಲ್ಲಿ ಹಿಮದ ಹಲಗೆಗಳು ಒಡೆದು, ಸರಿದು, ತಿರುಗಿ, ಮತ್ತೆ ಹೆಪ್ಪುಗಟ್ಟಿವೆ. ಚಿತ್ರದಲ್ಲಿ ಆ ತುಂಡುಗಳನ್ನು ಹಿಂದಕ್ಕೆ ಸರಿಸಿದರೆ ಹಳೆಯ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. 85 ಗಂಟೆಗೊಮ್ಮೆ ಗುರುವನ್ನು ಸುತ್ತುವ ಯುರೋಪಾ ಆ ದೈತ್ಯನ ಸೆಳೆತಕ್ಕೆ ಹಿಗ್ಗಿ ಕುಗ್ಗುತ್ತದೆ, ಒಳಗೊಳಗೇ ಬಿಸಿಯಾಗುತ್ತದೆ. ಹಿಮದ ಕೆಳಗೆ ಉಪ್ಪುನೀರಿನ ಸಾಗರವಿದೆ ಎಂಬ ನಂಬಿಕೆಗೆ ಗೆಲಿಲಿಯೋ ನೌಕೆಯ ಕಾಂತೀಯ ಅಳತೆಗಳೂ ಆಧಾರ.

ಆ ನೌಕೆಯನ್ನೇ 2003ರ ಸೆಪ್ಟೆಂಬರಿನಲ್ಲಿ ಬೇಕೆಂದೇ ಗುರುವಿನೊಳಕ್ಕೆ ಬೀಳಿಸಿ ಸುಟ್ಟರು. ಇಂಧನ ಮುಗಿದ ಮೇಲೆ ಅದು ಯುರೋಪಾಕ್ಕೆ ಅಪ್ಪಳಿಸಿ, ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿಗೆ ಒಯ್ದೀತೆಂಬ ಅಳುಕು. ಇಂಥ ವಿವೇಕ ನಮ್ಮ ಕಾಲದಲ್ಲಿ ಅಪರೂಪ. ಹಾಗಿರುವಾಗ, ಯುರೋಪಾದ ಮೇಲೆ ಯಂತ್ರವನ್ನು ಇಳಿಸಬೇಕೆಂಬ ಆತುರವನ್ನು ನಾನು ಒಪ್ಪಲಾರೆ. ಇಳಿಯದೆ ಜೀವವನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದೇ. ಅಲ್ಲಿನ ತೀವ್ರ ವಿಕಿರಣ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬುದೂ ನಿಜ. ಆದರೆ ಯಂತ್ರದ ಒಡಲಲ್ಲಿ ಅಡಗಿದವು ಉಳಿದಾವು. ಬಿರುಕಿನ ಮೂಲಕ ಕೆಳಗಿಳಿದರೆ, ಮುಂದೆ ಆ ಸಾಗರದಲ್ಲಿ ಜೀವ ಕಂಡಾಗ ಅದು ಅಲ್ಲಿಯದೋ ನಮ್ಮದೋ ಎಂದು ಹೇಳುವವರಾರು?

2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪರ್ ನೌಕೆ ಇಳಿಯುವುದಿಲ್ಲ. 2030ರಲ್ಲಿ ಗುರುವನ್ನು ತಲುಪಿದ ಮೇಲೆ ಸುಮಾರು ಐವತ್ತು ಸಲ ಯುರೋಪಾದ ಸಮೀಪ ಹಾದುಹೋಗಬೇಕೆಂಬುದು ಯೋಜನೆ. ಹಿಮ ಎಲ್ಲಿ ತೆಳು, ನೀರು ಎಲ್ಲಿ ಹತ್ತಿರ ಎಂಬುದನ್ನು ಅದರ ರೇಡಾರ್ ಅರಸಲಿದೆ. ಅದು ತಿಳಿಯುವವರೆಗಾದರೂ ಕಾಯಬಾರದೇ? ನನಗಂತೂ ಕುತೂಹಲವಿರುವುದು ಮೊದಲ ಚಿತ್ರಗಳ ಬಗ್ಗೆ. ಗೆಲಿಲಿಯೋ ತೆಗೆದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು, ಈ ಮೂರು ದಶಕಗಳಲ್ಲಿ ಹೊಸ ಗೆರೆಯೇನಾದರೂ ಮೂಡಿದೆಯೇ ಎಂದು ನೋಡಬೇಕು.